ಘನತೆಗೆ ಧಕ್ಕೆ ತಂದ 22 ಸೆಕೆಂಡು: ಮೈಸೂರಿನ ಎಚ್‌ಆರ್ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿ, ಮೇಟಗಳ್ಳಿ, ಆಚೆ ನಂಜನಗೂಡಿನ ತನಕ ಹಬ್ಬಿರುವ ಕಾರ್ಖಾನೆಗಳ ಎಚ್‌ಆರ್ ವಿಭಾಗದಲ್ಲಿ ಕೂತಿರುವ ಎಲ್ಲರಿಗೂ,

ನಮಸ್ಕಾರ.

ನಿಮ್ಮಲ್ಲಿ ಕೆಲವರು ನನ್ನನ್ನು ಬಲ್ಲಿರಿ. ಪಿಎಫ್ ಕಚೇರಿಯಲ್ಲಿ ಒಂದೇ ಬೆಂಚಿನ ಮೇಲೆ ಕೂತು ಕಾದಿದ್ದೇವೆ. ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರ್ ಈ ಕಡೆ ಬರುತ್ತಿದ್ದಾರೆಂದು ಗೊತ್ತಾದರೆ ಒಬ್ಬರಿಗೊಬ್ಬರು ಫೋನ್ ಮಾಡಿಕೊಂಡಿದ್ದೇವೆ. ವಾಹನದ ಬಿಡಿಭಾಗ ಮಾಡುವ ಒಂದು ಮಧ್ಯಮ ಗಾತ್ರದ ಕಾರ್ಖಾನೆಯಲ್ಲಿ ನಾನು 19 ವರ್ಷ ಇದೇ ಕೆಲಸ ಮಾಡಿದೆ. ಸೇರಿದಾಗ ಅದಕ್ಕೆ ಟೈಮ್ ಆಫೀಸ್ ಅನ್ನುತ್ತಿದ್ದರು, ಆಮೇಲೆ ಪರ್ಸನಲ್ ಆಯಿತು, ಆಮೇಲೆ ಎಚ್‌ಆರ್. ಬೋರ್ಡು ಬದಲಾದಷ್ಟು ಕೆಲಸ ಬದಲಾಗಲಿಲ್ಲ. ಬಿಟ್ಟು ಒಂದು ವರ್ಷವಾಯಿತು. ಕಾರ್ಖಾನೆಯ ಹೆಸರು ಬರೆಯುವುದಿಲ್ಲ; ಬರೆದರೆ ಇದು ಆ ಒಂದು ಗೇಟಿನೊಳಗಿನ ಕತೆ ಎಂದುಕೊಂಡು ನೀವು ಪಕ್ಕಕ್ಕಿಡುತ್ತೀರಿ.

ಕೆಲಸ ಬಿಟ್ಟ ದಿನ ನಾನು ಒಪ್ಪಿಸಿದ ಸಾಮಾನಿನ ಪಟ್ಟಿಯಲ್ಲಿ ಬೀರುವಿನ ಕೀಲಿ, ರಬ್ಬರ್ ಸ್ಟಾಂಪು, ಲ್ಯಾಪ್‌ಟಾಪು ಇತ್ತು. ಲ್ಯಾಪ್‌ಟಾಪಿನೊಳಗೆ ‘ಶಿಸ್ತು’ ಎಂಬ ಹೆಸರಿನ ಒಂದು ಫೋಲ್ಡರ್. ಅದರಲ್ಲಿ 61 ಸ್ಕ್ರೀನ್‌ಶಾಟ್. ನಮ್ಮ ಕೆಲಸಗಾರರ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಸ್ಟೇಟಸ್ಸುಗಳಿಂದ 6 ವರ್ಷದಲ್ಲಿ ಹಿಡಿದು ಕೂಡಿಟ್ಟದ್ದು. ಕೂಡಿಟ್ಟವಳು ನಾನೇ. ಈ ಪತ್ರ ಆ ಫೋಲ್ಡರಿನ ವಿಚಾರ.

ಮೊದಲು ಆ ಹುಡುಗಿಯ ಸಂಗತಿ ಹೇಳಿಬಿಡುತ್ತೇನೆ. ಪಾಂಡವಪುರದ ಕಡೆಯವಳು. ಡಿಪ್ಲೊಮಾ ಮುಗಿಸಿ ಟ್ರೈನಿಯಾಗಿ ಸೇರಿದ್ದಳು, ಕ್ವಾಲಿಟಿ ವಿಭಾಗದಲ್ಲಿ. ಅಳತೆ ನೋಡುವ ವರ್ನಿಯರ್ ಹಿಡಿದರೆ ಕೈ ಅಲುಗುತ್ತಿರಲಿಲ್ಲ. ಹಳೆಯ ಇನ್‌ಸ್ಪೆಕ್ಟರುಗಳು ಪಾಸ್ ಮಾಡಿ ಬಿಟ್ಟ ಬಿನ್ನಿನಿಂದಲೇ ಅಂಚು ಕೆಟ್ಟ ಪೀಸನ್ನು ಎತ್ತಿ ಮೆಲ್ಲಗೆ ಪಕ್ಕಕ್ಕಿಡುತ್ತಿದ್ದಳು, ಯಾರಿಗೂ ಮುಜುಗರ ಆಗದ ಹಾಗೆ. ಊರಿಂದ ರೈಲು ಹತ್ತಿ, ಮೈಸೂರಿನಲ್ಲಿ ಇಳಿದು ಬಸ್ಸು ಹಿಡಿದು, ಎಂಟೂವರೆಗೆ ಪಂಚ್ ಮಾಡುತ್ತಿದ್ದಳು. ಒಂದು ಮಧ್ಯಾಹ್ನ ಊಟ ಮುಗಿಸಿ, ಕ್ಯಾಂಟೀನಿನ ಹಿಂದೆ ಕೈತೊಳೆಯುವ ನಲ್ಲಿಗಳ ಹತ್ತಿರ, ನೀಲಿ ಯೂನಿಫಾರ್ಮಿನಲ್ಲೇ ಒಂದು ಹಾಡಿಗೆ ಕುಣಿದಳು. ಗೆಳತಿ ಮೊಬೈಲಿನಲ್ಲಿ ಹಿಡಿದಳು. 22 ಸೆಕೆಂಡಿನ ರೀಲ್ಸು. ಮಷೀನು ಕಾಣುವುದಿಲ್ಲ, ಡ್ರಾಯಿಂಗ್ ಕಾಣುವುದಿಲ್ಲ. ಎದೆಯ ಮೇಲಿನ ಲೋಗೊ ಮಾತ್ರ, ಅದೂ ಅವಳು ತಿರುಗಿದಾಗ ಕಣ್ಣುಮಿಟುಕಿಸುವಷ್ಟು ಹೊತ್ತು.

ನನಗೆ ಅದನ್ನು ಕಳಿಸಿದ್ದು ಒಬ್ಬ ಸೂಪರ್‌ವೈಸರ್. ‘ಮೇಡಂ, ನಮ್ ಯೂನಿಫಾರ್ಮ್ ನೋಡಿ’ ಎಂದು ಒಂದು ಸಾಲು. ಸ್ಕ್ರೀನ್‌ಶಾಟನ್ನು ದೊಡ್ಡದು ಮಾಡಿ ನೋಡಿದರೆ ಪಕ್ಕದ ಹೃದಯ ಕೆಂಪಗಿತ್ತು. ಅಂದರೆ ಈ ಮನುಷ್ಯ ಮೊದಲು ಲೈಕ್ ಒತ್ತಿ, ಆಮೇಲೆ ದೂರು ಕೊಟ್ಟಿದ್ದ. ಆ ಹೃದಯದ ಬಗ್ಗೆ ನಾನು ಕೇಳಬೇಕಿತ್ತು. ಕೇಳಲಿಲ್ಲ.

ಹುಡುಗಿಯನ್ನು ಕರೆಸಿ, ಕ್ಷಮಾಪಣೆ ಬರೆದುಕೊಡು ಎಂದು ಬಿಳಿ ಹಾಳೆ ಕೊಟ್ಟೆ. ಅವಳು ಒಂದು ಸಾಲು ಬರೆದು ಪೆನ್ನು ಹಿಡಿದು ಕೂತಳು. “ತಪ್ಪಾಯ್ತು ಅಂತ ಬರ್ದಿವ್ನಿ ಮೇಡಂ. ಏನ್ ತಪ್ಪು ಅಂತ ಬರೀಲಿ?” ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಆ ಕುರ್ಚಿಯಲ್ಲಿ ಕೂತವರಿಗೆ ಉತ್ತರ ಇಲ್ಲದಿದ್ದರೂ ಒಂದು ವಾಕ್ಯ ಇದ್ದೇ ಇರುತ್ತದೆ: ‘ಸಂಸ್ಥೆಯ ಘನತೆಗೆ ಧಕ್ಕೆ ಬರುವ ರೀತಿಯಲ್ಲಿ ವರ್ತಿಸಿರುತ್ತೇನೆ.’ ಹೇಳಿ ಬರೆಸಿದೆ. “ಧಕ್ಕೆಗೆ ಹೊಟ್ಟೆ ಸೀಳ್ಬೇಕಾ ಮೇಡಂ?” ಎಂದಳು. ಹೌದು, ಸೀಳಬೇಕು ಎಂದೆ. ತಿಂಗಳ ಕೊನೆಗೆ ಅವಳ ಟ್ರೈನಿಂಗ್ ಅವಧಿ ಮುಗಿಯಿತು, ಮುಂದುವರಿಸಲಿಲ್ಲ. ಟ್ರೈನಿಯನ್ನು ಮುಂದುವರಿಸದಿದ್ದರೆ ಕಾರಣ ಬರೆಯುವ ಪದ್ಧತಿ ನಮ್ಮಲ್ಲಿ ಇರಲಿಲ್ಲ.

ಅದಕ್ಕೆ 4 ತಿಂಗಳ ಹಿಂದೆ ಆಯುಧಪೂಜೆ ಆಗಿತ್ತು. ಮೈಸೂರಿನ ಕಾರ್ಖಾನೆಗಳಲ್ಲಿ ಆಯುಧಪೂಜೆ ಅಂದರೇನು ಎಂದು ನಿಮಗೆ ಹೇಳಬೇಕಿಲ್ಲ. ಜಂಬೂಸವಾರಿಯ ಹಿಂದಿನ ದಿನ ಲೇತಿಗೂ ಬಾಳೆಕಂಬ, ಸಿಎನ್‌ಸಿಗೂ ಸೇವಂತಿಗೆ ಹಾರ, ಫೋರ್ಕ್‌ಲಿಫ್ಟಿನ ಚಕ್ರದ ಕೆಳಗೆ ನಿಂಬೆಹಣ್ಣು. ವರ್ಷವಿಡೀ ಬ್ಯಾಗು ತಡಕುವ ಸೆಕ್ಯೂರಿಟಿಯವರು ಅವತ್ತು ಗೇಟು ತೆರೆದು ಕಡಲೆಪುರಿ ಪೊಟ್ಟಣ ಹಂಚುತ್ತಾರೆ. ಅಪ್ಪ ಓಡಿಸುವ ಮಷೀನಿನ ಮುಂದೆ ಮಗಳನ್ನು ನಿಲ್ಲಿಸಿ ಫೋಟೊ ತೆಗೆಯುತ್ತಾರೆ, ಅಜ್ಜಿಯೊಬ್ಬಳು ಗ್ರೈಂಡರಿಗೆ ಕೈಮುಗಿಯುತ್ತಾಳೆ. ಸಂಜೆಯ ಹೊತ್ತಿಗೆ ನಮ್ಮ ಅರ್ಧ ಶಾಪ್‌ಫ್ಲೋರು ಫೇಸ್‌ಬುಕ್ಕಿನಲ್ಲಿ ಇರುತ್ತದೆ. ನಾವೇ ಕಂಪನಿಯ ಪೇಜಿನಲ್ಲಿ ‘ನಮ್ಮ ಕುಟುಂಬ’ ಎಂದು ಬರೆದು ಹಾಕುತ್ತೇವೆ. ಆ ವರ್ಷ ತಮಟೆಯವರು ಬಂದಿದ್ದರು. ಇದೇ ಹುಡುಗಿ, ಇದೇ ಯೂನಿಫಾರ್ಮಿನಲ್ಲಿ, ಇದೇ ನಲ್ಲಿಗಳ ಹತ್ತಿರ ಕುಣಿದಿದ್ದಳು. ಆ ವಿಡಿಯೊ ಕಂಪನಿಯ ಪೇಜಿನಲ್ಲಿ ಈಗಲೂ ಇದೆ. ಹಾಕಿದವಳೂ ನಾನೇ.

ಅವಳು ಹೋದ 3 ವಾರಕ್ಕೆ ನಮ್ಮ ಪ್ಲಾಂಟ್ ಹೆಡ್ ಲಿಂಕ್ಡ್‌ಇನ್‌ನಲ್ಲಿ ಒಂದು ಫೋಟೊ ಹಾಕಿದರು. ಒಗ್ಗಟ್ಟಿನಿಂದ ಗುರಿ ಮುಟ್ಟಿದ ಬಗ್ಗೆ ಎರಡು ಪ್ಯಾರಾ, ಕೆಳಗೆ ಒಂದು ಸಾಲು ಹ್ಯಾಶ್‌ಟ್ಯಾಗು. ಫೋಟೊದಲ್ಲಿ ಸಾಹೇಬರು ಕೈಕಟ್ಟಿ ನಿಂತಿದ್ದಾರೆ, ಬೆನ್ನ ಹಿಂದೆ ಬೆಳಗಿನ ಮೀಟಿಂಗಿನ ವೈಟ್‌ಬೋರ್ಡು. ಬೋರ್ಡಿನ ಮೇಲೆ ಗಿರಾಕಿ ಕಂಪನಿಯ, ಇನ್ನೂ ಮಾರುಕಟ್ಟೆಗೇ ಬಾರದ ವಾಹನದ ಪಾರ್ಟ್ ನಂಬರು. ಆ ವಾರದ ರಿಜೆಕ್ಷನ್ ಲೆಕ್ಕ, ಯಾರ ಲೈನಿನಲ್ಲಿ ಎಷ್ಟು ಎಂದು. ಎರಡು ದಿನ ಯಾರೂ ಗಮನಿಸಲಿಲ್ಲ, ನಾನಂತೂ ಲೈಕ್ ಒತ್ತಿದ್ದೆ. ಮೂರನೆಯ ದಿನ ಗಿರಾಕಿಯ ಕಡೆಯಿಂದ ಫೋನು ಬಂತು. ಫೋಟೊ ಇಳಿಯಿತು, ಬೋರ್ಡು ಕತ್ತರಿಸಿದ್ದು ಏರಿತು. ಗಿರಾಕಿಯ ಗುಟ್ಟು ಕಾಯುತ್ತೇವೆ ಎಂಬ ಒಪ್ಪಂದಕ್ಕೆ ಸಹಿ ಹಾಕಿದವರೂ ಇದೇ ಸಾಹೇಬರು. ಬಿಳಿ ಹಾಳೆ ಯಾರೂ ಕೊಡಲಿಲ್ಲ.

ಅವರ ಮೇಲೆ ಕ್ರಮ ಆಗಬೇಕಿತ್ತು ಅನ್ನುತ್ತಿಲ್ಲ ನಾನು. ಹಿಂದೆ ಏನಿದೆ ಎಂದು ನೋಡದೆ ಫೋಟೊ ತೆಗೆಯುವುದು ಯಾರಿಂದಲೂ ಆಗುವ ಎಡವಟ್ಟು. ಒಂದು ಫೋನಿನಲ್ಲಿ ಮುಗಿಯಿತು, ಮುಗಿಯಬೇಕಾದ್ದೂ ಹಾಗೆಯೇ. ಹುಡುಗಿಯದೂ ಹಾಗೆ ಮುಗಿಯಬಹುದಿತ್ತಲ್ಲ ಎಂಬುದೇ ನನ್ನನ್ನು ಕೊರೆಯುತ್ತಿರುವುದು.

ಆದರೆ ಈ ಪತ್ರ ಬರೆಯಲು ಕೂರಿಸಿದ್ದು ಇವೆರಡೂ ಅಲ್ಲ, ಫೋಲ್ಡರಿನ 37ನೆಯ ಚಿತ್ರ.

ಪ್ರೆಸ್ ಶಾಪಿನ ಒಬ್ಬ ಕಾಂಟ್ರಾಕ್ಟ್ ಹುಡುಗ. ರಾತ್ರಿ ಪಾಳಿ. ಪವರ್ ಪ್ರೆಸ್ ಓಡಿಸುತ್ತಲೇ ಸೆಲ್ಫಿ ವಿಡಿಯೊ ಮಾಡಿ ಸ್ಟೇಟಸ್ಸಿಗೆ ಹಾಕಿದ್ದ. ಪ್ರೆಸ್ ನೋಡಿರದವರಿಗೆ ಹೇಳುತ್ತೇನೆ: ಲೋಹದ ಶೀಟನ್ನು ಕೆಳಗಿನ ಡೈ, ಅಂದರೆ ಅಚ್ಚಿನ, ಮೇಲೆ ಇಡುತ್ತೀರಿ, ಮೇಲಿನ ಡೈ ಟನ್ನುಗಟ್ಟಲೆ ಭಾರದಲ್ಲಿ ಇಳಿದು ಅದನ್ನು ಕತ್ತರಿಸುತ್ತದೆ. ನಡುವೆ ಬೆರಳಿದ್ದರೆ ಬೆರಳನ್ನೂ. ಅದಕ್ಕೇ ಎರಡು ಗುಂಡಿ ಇಟ್ಟಿರುತ್ತಾರೆ, ಒಂದೊಂದು ಕೈಗೆ ಒಂದೊಂದು, ದೂರ ದೂರ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ ಇಳಿಯಬೇಕು. ಎರಡು ಕೈಯೂ ಗುಂಡಿಯ ಮೇಲಿದ್ದರೆ ಬೆರಳು ಡೈ ಕೆಳಗೆ ಹೋಗುವುದೆಲ್ಲಿಂದ? ಅಷ್ಟೇ ಸರಳವಾದ ಉಪಾಯ. ಈ ಹುಡುಗನ ಒಂದು ಕೈಯಲ್ಲಿ ಮೊಬೈಲಿತ್ತು, ಪ್ರೆಸ್ಸೂ ಓಡುತ್ತಿತ್ತು. ಹೇಗೆ? ಹಳೆಯ ಪ್ರೆಸ್ಸು. ಎಡಗಡೆ ಗುಂಡಿಗೆ ಒಂದು ಮರದ ಚಕ್ಕೆ ಸಿಕ್ಕಿಸಿ, ಮೇಲೆ ಟೇಪು ಸುತ್ತಿದ್ದರು. ವಿಡಿಯೊದಲ್ಲಿ ಕಣ್ಣಿಗೆ ರಾಚುವಂತೆ ಕಾಣುತ್ತಿತ್ತು. ಅದು ಅವನೊಬ್ಬನ ಕೆಲಸವೂ ಅಲ್ಲ. ಟಾರ್ಗೆಟ್ ಮುಟ್ಟಬೇಕು ಎಂದು ಆ ಪಾಳಿಯವರೆಲ್ಲ ಹಾಗೇ ಓಡಿಸುತ್ತಿದ್ದರು, ಸೂಪರ್‌ವೈಸರಿಗೂ ಗೊತ್ತಿತ್ತು.

ನಾನು ಕೊಟ್ಟ ಮೆಮೊ ಇವತ್ತಿಗೂ ಬಾಯಿಪಾಠ: ‘ಕರ್ತವ್ಯದ ವೇಳೆಯಲ್ಲಿ ಮೊಬೈಲ್ ಬಳಸಿ, ವಿಡಿಯೊ ಚಿತ್ರೀಕರಿಸಿ, ಸಾಮಾಜಿಕ ಜಾಲತಾಣದಲ್ಲಿ ಹರಿಬಿಟ್ಟು ಸಂಸ್ಥೆಯ ಘನತೆಗೆ ಧಕ್ಕೆ ಉಂಟುಮಾಡಿರುವುದರಿಂದ...’ ಮರದ ಚಕ್ಕೆಯ ಬಗ್ಗೆ ಒಂದಕ್ಷರ ಇಲ್ಲ. ಯಂತ್ರದ ಅಪಾಯಕಾರಿ ಭಾಗಗಳಿಗೆ ಭದ್ರವಾದ ತಡೆ ಇರಲೇಬೇಕು ಎನ್ನುವ 1948ರ ಕಾರ್ಖಾನೆ ಕಾಯ್ದೆಯ 21ನೆಯ ಸೆಕ್ಷನ್ ನನಗೆ ಗೊತ್ತಿರಲಿಲ್ಲವೇ? ಪ್ರತಿ ಮಾರ್ಚ್ 4ಕ್ಕೆ ಸುರಕ್ಷತಾ ದಿನದ ಪ್ರತಿಜ್ಞೆಯನ್ನು ಮೈಕಿನಲ್ಲಿ ಹೇಳಿಕೊಡುತ್ತಿದ್ದವಳು ನಾನು. ಆದರೂ ಆ ಚಿತ್ರದಲ್ಲಿ ನನಗೆ ಕಂಡದ್ದು ಮೊಬೈಲು. ಹುಡುಗ ಅಲ್ಲೇ ನನ್ನೆದುರು ವಿಡಿಯೊ ಅಳಿಸಿದ. ಚಕ್ಕೆಯನ್ನು ಯಾರಾದರೂ ತೆಗೆದರೋ ಇಲ್ಲವೋ ನಾನು ಶಾಪಿಗೆ ಹೋಗಿ ನೋಡಲಿಲ್ಲ. ನಾನಿರುವಷ್ಟು ಕಾಲ ಯಾರ ಬೆರಳೂ ಹೋಗಲಿಲ್ಲ. ಅದು ಚಾಮುಂಡಿಯ ದಯೆ. ಅದರಲ್ಲಿ ನನ್ನ ಪಾಲು ಏನೂ ಇಲ್ಲ.

ಹುಡುಗ ತನಗೇ ಗೊತ್ತಿಲ್ಲದೆ ಕಾರ್ಖಾನೆಯ ಅತಿ ದೊಡ್ಡ ಅಪಾಯವನ್ನು ಕೈಯಾರೆ ತಂದು ತೋರಿಸಿದ್ದ. ನಾವು ತೋರಿಸಿದ ಕೈಗೆ ಹೊಡೆದೆವು. ಒಮ್ಮೆ ನಿಮ್ಮ ನಿಮ್ಮ ‘ಶಿಸ್ತು’ ಫೋಲ್ಡರುಗಳನ್ನು ತೆಗೆದು ನೋಡಿ. ಇಲ್ಲ ಎಂದು ಹೇಳಬೇಡಿ, ಎಲ್ಲರ ಹತ್ತಿರವೂ ಇದೆ. ಮುಖ ಬಿಟ್ಟು ಹಿನ್ನೆಲೆ ನೋಡಿ. ಹೆಲ್ಮೆಟ್ಟಿಲ್ಲದ ತಲೆ, ಗಾರ್ಡ್ ಇಲ್ಲದ ಬೆಲ್ಟು, ಅಡ್ಡ ಸಾಮಾನಿಟ್ಟ ಎಮರ್ಜೆನ್ಸಿ ಬಾಗಿಲು, ಇನ್ನೂ ಏನೇನು ಸಿಕ್ಕುತ್ತದೋ.

ಈ ‘ಘನತೆಗೆ ಧಕ್ಕೆ’ ಎಂಬ ಮಾತು ನಮ್ಮ ಕೈಗೆ ಎಲ್ಲಿಂದ ಬಂತು ಎಂದು ಕೆಲಸ ಬಿಟ್ಟ ಮೇಲೆ ಪುಸ್ತಕ ತೆಗೆದು ಹುಡುಕಿದೆ. ಸ್ಥಾಯಿ ಆದೇಶ ಅಂದರೆ ಕಾರ್ಖಾನೆಯ ಕೆಲಸದ, ಶಿಸ್ತಿನ ಲಿಖಿತ ನಿಯಮ. 1946ರ ಸ್ಥಾಯಿ ಆದೇಶಗಳ ಕಾಯ್ದೆಯಡಿ ಬಂದ ಮಾದರಿ ನಿಯಮಗಳಲ್ಲಿ ದುರ್ನಡತೆಯ ಪಟ್ಟಿಯಿದೆ. ಬೇಕೆಂದೇ ಆಜ್ಞೆ ಮೀರುವುದು, ಕಳವು, ಲಂಚ, ಪದೇಪದೇ ತಡವಾಗಿ ಬರುವುದು, ಕೆಲಸದ ವೇಳೆ ಕಾರ್ಖಾನೆಯೊಳಗೆ ಗಲಾಟೆ. ಗಲಾಟೆಯ ಪಕ್ಕದಲ್ಲೇ ‘ಶಿಸ್ತಿಗೆ ಭಂಗ ತರುವ ಯಾವುದೇ ಕೃತ್ಯ’ ಎಂಬ ಮಾತೂ ಇದೆ. ಅದೊಂದು ಗೋಣಿಚೀಲ. ಏನು ಬೇಕಾದರೂ ತುಂಬಬಹುದು, ತುಂಬಿದ್ದೇವೆ. ಆದರೆ ಗ್ಲ್ಯಾಕ್ಸೊ ಲ್ಯಾಬೊರೇಟರೀಸ್ ಪ್ರಕರಣದಲ್ಲಿ, ಮುಷ್ಕರದ ದಿನಗಳಲ್ಲಿ ಕಾರ್ಖಾನೆಯ ಹೊರಗೆ ನಡೆದ ಗಲಾಟೆಯ ವಿಚಾರ ಬಂದಾಗ, ಸುಪ್ರೀಂ ಕೋರ್ಟ್ 1983ರಲ್ಲೇ ಈ ಚೀಲದ ಬಾಯಿ ಕಟ್ಟಿತ್ತು. ಆ ಕಂಪನಿಯ ನಿಯಮದಲ್ಲಿ ‘ಆವರಣದಲ್ಲಿ ಅಥವಾ ಅದರ ಆಸುಪಾಸಿನಲ್ಲಿ’ ಎಂದಿತ್ತು. ಹಾಗಿದ್ದ ಮೇಲೆ ಆ ಮಾತನ್ನು ಎಳೆದೆಳೆದು ಊರೆಲ್ಲ ಹಬ್ಬಿಸುವ ಹಾಗಿಲ್ಲ, ಪಟ್ಟಿಯಲ್ಲಿ ಇಲ್ಲದ್ದನ್ನು ಆಮೇಲೆ ದುರ್ನಡತೆ ಎಂದು ಕರೆಯುವ ಹಾಗಿಲ್ಲ ಎಂದಿತು ಕೋರ್ಟು. ಮೊಬೈಲು ಕಾರ್ಖಾನೆಯ ‘ಆಸುಪಾಸು’ ಹೌದೇ ಅಲ್ಲವೇ ಎಂದು ಅವತ್ತಿನ ನ್ಯಾಯಮೂರ್ತಿಗಳನ್ನು ಕೇಳುವವರು ಇರಲಿಲ್ಲ. ಹಳೆಯ ಕಾಯ್ದೆಯನ್ನು 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೊಳಗೆ ಸೇರಿಸಿದಾಗ ಸ್ಥಾಯಿ ಆದೇಶ ಕಡ್ಡಾಯವಾಗುವ ಮಿತಿಯನ್ನು 300 ಕೆಲಸಗಾರರಿಗೆ ಏರಿಸಿದರು. ಹೆಬ್ಬಾಳದ ಒಳರಸ್ತೆಗಳಲ್ಲಿರುವ ಎಷ್ಟು ಘಟಕಗಳಲ್ಲಿ 300 ಜನ ಇದ್ದಾರೆ? ಉಳಿದವರಿಗೆ ನೀವು ಹೇಳಿದ್ದೇ ನಿಯಮ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದ ತೀರ್ಪಿಗೆ ನಮ್ಮವರದೇ ಹೆಸರು: ಕೆ.ಎಸ್. ಪುಟ್ಟಸ್ವಾಮಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ, ನಮ್ಮ ಮಹಾರಾಜ ಕಾಲೇಜಿನಲ್ಲಿ ಓದಿದವರು. ಅದಕ್ಕೂ ಮೊದಲು, 2015ರ ಮಾರ್ಚ್ 24ರಂದು, ಜಾಲತಾಣದಲ್ಲಿ ‘ಕಿರಿಕಿರಿ’ಯಾಗುವಂಥದ್ದು ಬರೆದರೂ ಜೈಲಿಗೆ ಹಾಕಬಹುದು ಎನ್ನುತ್ತಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ ರದ್ದಾಗಿತ್ತು. 2020ರ ಜನವರಿಯಲ್ಲಿ ತ್ರಿಪುರಾ ಹೈಕೋರ್ಟ್, ನಿವೃತ್ತಿಗೆ ಕೆಲವೇ ದಿನ ಇದ್ದಾಗ ಅಮಾನತಾದ ಒಬ್ಬ ಸರ್ಕಾರಿ ನೌಕರಳ ಪ್ರಕರಣದಲ್ಲಿ, ಸರ್ಕಾರಿ ಕೆಲಸಕ್ಕೆ ಸೇರಿದ ಮಾತ್ರಕ್ಕೆ ಮಾತಾಡುವ ಹಕ್ಕು ಹೋಗುವುದಿಲ್ಲ ಎಂದಿತು. ಇವೆಲ್ಲ ಓದುವಾಗ ಎದೆ ಉಬ್ಬುತ್ತದೆ. ಆದರೆ ಮೂಲಭೂತ ಹಕ್ಕು ಸರ್ಕಾರದೆದುರು ನಿಂತಷ್ಟು ಗಟ್ಟಿಯಾಗಿ ಖಾಸಗಿ ಕಂಪನಿಯ ಎಚ್‌ಆರ್ ಟೇಬಲ್ಲಿನೆದುರು ನಿಲ್ಲುವುದಿಲ್ಲ. 2023ರ ವೈಯಕ್ತಿಕ ದತ್ತಾಂಶ ಕಾಯ್ದೆಯೂ ಅಷ್ಟೇ. ಒಬ್ಬರು ತಾವಾಗಿಯೇ ಸಾರ್ವಜನಿಕಗೊಳಿಸಿದ್ದಕ್ಕೆ ಅದು ಅನ್ವಯಿಸುವುದಿಲ್ಲ, ಉದ್ಯೋಗದ ಕಾರಣಗಳಿಗೂ ಅದರಲ್ಲಿ ಬಾಗಿಲು ತೆರೆದೇ ಇದೆ. ಒಟ್ಟಿನಲ್ಲಿ ಕಾನೂನು ಬಹುಮಟ್ಟಿಗೆ ನಮ್ಮ ಕಡೆಗೇ ಇದೆ, ಅಂದರೆ ಎಚ್‌ಆರ್ ಕಡೆಗೆ. ಅದಕ್ಕೇ ನಾನು ಕೋರ್ಟಿಗೆ ಬರೆಯದೆ ನಿಮಗೆ ಬರೆಯುತ್ತಿರುವುದು.

ನನ್ನ ತಂಗಿ ಮಳವಳ್ಳಿ ತಾಲ್ಲೂಕಿನಲ್ಲಿ ಸರ್ಕಾರಿ ಶಾಲೆಯ ಟೀಚರ್. ಅವಳಿಗೂ ಕಟ್ಟುಪಾಡಿದೆ, ನಮಗಿಂತ ಜಾಸ್ತಿಯೇ ಇದೆ. ರಾಜ್ಯ ಸರ್ಕಾರ 1966ರ ಹಳೆಯ ನಡತೆ ನಿಯಮಗಳನ್ನು ತೆಗೆದು 2021ರಲ್ಲಿ ಹೊಸದು ತಂದಿತಲ್ಲ, ಅದರ ಬಗ್ಗೆ ಸ್ಟಾಫ್ ರೂಮಿನಲ್ಲಿ ಗೊಣಗಾಟ ನಡೆಯುತ್ತಲೇ ಇರುತ್ತದಂತೆ. ಆದರೆ ಗೊಣಗಲಿಕ್ಕಾದರೂ ಅವರ ಮುಂದೆ ಅಚ್ಚಾದ ಒಂದು ಪುಸ್ತಕ ಇದೆ, ಇದು ಸರಿಯಿಲ್ಲ ಎಂದು ಬೆರಳಿಟ್ಟು ತೋರಿಸಬಹುದು. ನಮ್ಮ ಪಾಂಡವಪುರದ ಹುಡುಗಿಗೆ ಬೆರಳಿಡಲು ಏನಿತ್ತು?

ಇಲ್ಲಿ ನೀವು ಕೇಳುವ ಪ್ರಶ್ನೆ ಗೊತ್ತು. ಹಾಗಾದರೆ ಯಾರು ಏನು ಬೇಕಾದರೂ ಹಾಕಬಹುದಾ ಮೇಡಂ? ಇಲ್ಲ. 2023ರ ಸೆಪ್ಟೆಂಬರಿನಲ್ಲಿ ತಮಿಳುನಾಡಿಗೆ 15 ದಿನ 5,000 ಕ್ಯುಸೆಕ್‌ನಂತೆ ನೀರು ಬಿಡಬೇಕೆಂಬ ಆದೇಶ ಬಂದಾಗ ಮಂಡ್ಯದ ಕಡೆ ಹೇಗಿತ್ತು, ನಿಮಗೆ ನೆನಪಿರಬೇಕು. ಕೆಆರ್‌ಎಸ್ ತುಂಬಿರಲಿಲ್ಲ, ನಾಲೆಗೆ ನೀರಿಲ್ಲ, ಭತ್ತ ನಾಟಿ ಮಾಡಬೇಡಿ ಅನ್ನುತ್ತಿದ್ದರು. ನಮ್ಮ ಕೆಲಸಗಾರರಲ್ಲಿ ಮುಕ್ಕಾಲು ಪಾಲು ಆ ನಾಲೆಯ ಮಕ್ಕಳು. ‘ಕಾವೇರಿ ನಮ್ಮದು’ ಎಂದು ಸ್ಟೇಟಸ್ ಹಾಕದವರೇ ಇರಲಿಲ್ಲ. ನಮ್ಮ ದೊಡ್ಡ ಗಿರಾಕಿ ಇದ್ದದ್ದು ತಮಿಳುನಾಡಿನ ಹೊಸೂರಿನಲ್ಲಿ. ಮೇಲಿನಿಂದ ಹುಕುಂ ಬಂತು, ಎಲ್ಲರೂ ತೆಗೆಯಬೇಕು. ನಾನು ಲೈನು ಲೈನಿಗೆ ಹೋಗಿ ತೆಗೆಸಿದೆ. ಒಬ್ಬ ಹಳೆಯ ಫಿಟ್ಟರ್ ಫೋನು ನನ್ನ ಕೈಗೇ ಕೊಟ್ಟು, “ನೀವೇ ತೆಗೀರಿ ಮೇಡಂ, ನಂಗೆ ಕೈ ಬರಕಿಲ್ಲ” ಎಂದ. ನಾನೇ ತೆಗೆದೆ. ಆ ಅರವತ್ತು ಎಪ್ಪತ್ತು ಸ್ಟೇಟಸ್ಸುಗಳಲ್ಲಿ ಒಂದೇ ಒಂದು ನಿಜಕ್ಕೂ ಕೆಟ್ಟದಿತ್ತು. ತಮಿಳರನ್ನು ಕೀಳು ಭಾಷೆಯಲ್ಲಿ ಬೈದು, ಹೊಡೆಯಬೇಕು ಎಂದು ಬರೆದದ್ದು. ಬರೆದವನ ಪಕ್ಕದ ಮಷೀನಿನಲ್ಲಿ ಕೆಲಸ ಮಾಡುತ್ತಿದ್ದವನ ಮನೆಮಾತು ತಮಿಳು. ಹುಟ್ಟಿ ಬೆಳೆದದ್ದು ಮೈಸೂರಿನಲ್ಲೇ. ಅವನು ಅದನ್ನು ನೋಡಿದ್ದ, ಎರಡು ದಿನ ಕ್ಯಾಂಟೀನಿಗೆ ಬಂದಿರಲಿಲ್ಲ. ಆ ಒಂದಕ್ಕೆ ಮೆಮೊ ಕೊಡಬೇಕಿತ್ತು, ಕರೆದು ಕೂರಿಸಿ ಮಾತಾಡಬೇಕಿತ್ತು, ಇಬ್ಬರ ಜೊತೆಗೂ. ನಾವು ಎಪ್ಪತ್ತನ್ನೂ ಒಂದೇ ಮೊರದಲ್ಲಿ ಹಾಕಿ ಕೇರಿದೆವು. ಹೊಟ್ಟೂ ಹೋಯಿತು, ಕಾಳೂ ಹೋಯಿತು, ಕ್ಯಾಂಟೀನಿಗೆ ಬಾರದವನನ್ನು ಯಾರೂ ಕೇಳಲಿಲ್ಲ.

ಕೆಲಸದಲ್ಲಿದ್ದವರು ಬಾಯಿಮುಚ್ಚಿಕೊಂಡಿರಬೇಕು ಎನ್ನುವುದು ಈ ಊರಿನ ಗುಣವೂ ಅಲ್ಲ ಬಿಡಿ. ಮರಿಮಲ್ಲಪ್ಪ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದುಕೊಂಡೇ ಪತ್ರಿಕೆಗಳನ್ನು ನಡೆಸಿ ಸರ್ಕಾರವನ್ನು ಪ್ರಶ್ನಿಸಿದ ಎಂ. ವೆಂಕಟಕೃಷ್ಣಯ್ಯನವರನ್ನು ‘ತಾತಯ್ಯ’ ಎಂದು ಪ್ರೀತಿಯಿಂದ ಕರೆದು, ಪ್ರತಿಮೆ ಮಾಡಿ ನಿಲ್ಲಿಸಿಕೊಂಡ ಊರು ಇದು. ಅಂಥವರ ಬಾಯಿ ಕಟ್ಟಲೆಂದೇ 1908ರಲ್ಲಿ ಮೈಸೂರು ಸರ್ಕಾರ ಪತ್ರಿಕಾ ಕಾನೂನು ತಂದದ್ದು. ಆ ಕಾನೂನು ತಂದವರ ಹೆಸರು ಇವತ್ತು ಎಷ್ಟು ಜನಕ್ಕೆ ನೆನಪಿದೆ?

ಇನ್ನು ನಮ್ಮದೇ ಒಂದು ಚಾಳಿ. ಕಂಪನಿ ಒಂದು ಪೋಸ್ಟ್ ಹಾಕಿದ ಕೂಡಲೇ ಗ್ರೂಪಿನಲ್ಲಿ ಸಂದೇಶ: ‘ಎಲ್ಲರೂ ಲೈಕ್ ಮಾಡಿ, ಶೇರ್ ಮಾಡಿ, ಸ್ಕ್ರೀನ್‌ಶಾಟ್ ಹಾಕಿ.’ ಯಾರು ಹಾಕಿದರು, ಯಾರು ಹಾಕಲಿಲ್ಲ ಎಂದು ನಾನು ಎಕ್ಸೆಲ್ ಶೀಟ್ ಇಟ್ಟಿದ್ದೆ, ಹಾಜರಿ ಪುಸ್ತಕದ ಹಾಗೆ. ಗಿಡ ನೆಡುವ ಸಾಹೇಬರನ್ನು ಆ ಹುಡುಗಿ ತನ್ನ ನೆಂಟರಿಷ್ಟರಿಗೆಲ್ಲ ತೋರಿಸಬೇಕಾದಾಗ ಅವಳ ಖಾತೆ ಕಂಪನಿಯ ಜಾಗ. ಅದೇ ಜಾಗದಲ್ಲಿ ಅವಳು ಕುಣಿದರೆ ಅದೂ ಕಂಪನಿಯ ಜಾಗ. ಹಾಗಾದರೆ ಅವಳದು ಯಾವಾಗ? ಡೇಟಾ ಪ್ಯಾಕಿನ ದುಡ್ಡು ಮಾತ್ರ ಅವಳದು.

ವಾಟ್ಸ್‌ಆ್ಯಪ್ ಗ್ರೂಪಿನ ಬಗ್ಗೆ ಹೇಳಲು ಹೊರಟರೆ ಇನ್ನೊಂದು ಪತ್ರ ಬೇಕು. ರಾತ್ರಿ ಹನ್ನೊಂದಕ್ಕೆ ‘ನಾಳೆ ಬೇಗ ಬನ್ನಿ’, ಬೆಳಿಗ್ಗೆ ಐದಕ್ಕೆ ಗುಲಾಬಿ ಹೂವಿನ ಶುಭೋದಯ. ಒಂದನ್ನು ಮಾತ್ರ ಬಿಡಲಾರೆ. 40 ಚಿಲ್ಲರೆ ಜನರ ಗ್ರೂಪು, ಹೆಂಗಸರು ನಾವು 6 ಜನ. ಒಬ್ಬ ಹಿರಿಯ ಮ್ಯಾನೇಜರ್ ಒಂದು ಹೊಲಸು ಜೋಕು ಹಾಕಿದರು. ನಗುವ ಮುಖಗಳು ಸಾಲಾಗಿ ಬಂದವು. 10 ಜನ ಅಥವಾ ಅದಕ್ಕಿಂತ ಹೆಚ್ಚು ಇರುವ ಕಡೆ ಆಂತರಿಕ ದೂರು ಸಮಿತಿ ಇರಲೇಬೇಕು ಎನ್ನುವ, ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಬೋರ್ಡನ್ನು ಗೋಡೆಗೆ ಹೊಡೆಸಿದವಳು ನಾನು. ಆ ಸಮಿತಿಯ ಸದಸ್ಯೆಯೂ ಹೌದು. ಅವತ್ತು ನಾನು ಸ್ಕ್ರೀನ್‌ಶಾಟ್ ತೆಗೆಯಲಿಲ್ಲ. ಆ 61ರಲ್ಲಿ ಮ್ಯಾನೇಜರ್ ದರ್ಜೆಯವರದು ಒಂದೂ ಇಲ್ಲ.

ಕಂಪನಿಯ ಹೆಸರು ಉಳಿಯಬೇಕು, ಅದು ನನಗೂ ಬೇಕು. ನಾನೂ ಆ ಹೆಸರಿನಿಂದಲೇ ಮಕ್ಕಳ ಫೀಸು ಕಟ್ಟಿದವಳು. ಆದರೆ ಆ ಹೆಸರು ಎಲ್ಲಿ ತೂಗುತ್ತದೆ ಎಂದು ನೋಡಬೇಕಾದರೆ ಹೂಟಗಳ್ಳಿ ಸಿಗ್ನಲ್ಲಿನ ಹತ್ತಿರ ಯಾವುದಾದರೂ ಟೀ ಅಂಗಡಿಯಲ್ಲಿ ಹತ್ತು ನಿಮಿಷ ನಿಲ್ಲಿ. ಕೆಲಸ ಹುಡುಕುವ ಹುಡುಗರು ಕೇಳುವುದು ಮೂರೇ ಪ್ರಶ್ನೆ. ಸಂಬಳ ಏಳನೇ ತಾರೀಕಿಗೆ ಬತ್ತದಾ? ಪಿಎಫ್ ಕಟ್ತಾರಾ? ಸೂಪರ್‌ವೈಸರ್ ಅವ್ವ ಅಪ್ಪ ಅಂತ ಬೈತಾನಾ? ಅಲ್ಲಿ ಯಾರೂ ರೀಲ್ಸಿನ ಮಾತೆತ್ತಿದ್ದನ್ನು ನಾನು ಕೇಳಿಲ್ಲ.

ನಾನು ಬೇಡಿಕೊಳ್ಳುವುದು ದೊಡ್ಡದೇನಲ್ಲ. ಏನು ಹಾಕಬಾರದು ಎಂಬುದನ್ನು ಕನ್ನಡದಲ್ಲಿ ಒಂದು ಪುಟ ಬರೆದು ಪಂಚಿಂಗ್ ಮಷೀನಿನ ಪಕ್ಕ ಅಂಟಿಸಿ. ಗಿರಾಕಿಯ ಡ್ರಾಯಿಂಗು, ಪಾರ್ಟ್ ನಂಬರು, ವೈಟ್‌ಬೋರ್ಡು. ಕೇಳದೆ ತೆಗೆದ ಸಹೋದ್ಯೋಗಿಯ ಮುಖ. ಅಪಘಾತದಲ್ಲಿ ಬಿದ್ದವರ ಚಿತ್ರ. ಓಡುವ ಮಷೀನಿನ ಮುಂದೆ ಮೊಬೈಲು. ಜೊತೆಗಿರುವವರ ಜಾತಿ, ಭಾಷೆ, ಧರ್ಮ ಎತ್ತಿ ಬೈಯುವುದು. ಇಷ್ಟು ಸಾಕು, ಹುಡುಗರಿಗೆ ಅರ್ಥವಾಗುತ್ತದೆ. ‘ಘನತೆ’ ಎಂಬ ಪದವನ್ನು ಆ ಪುಟದಲ್ಲಿ ದಯವಿಟ್ಟು ಬರೆಯಬೇಡಿ. ಅದೇ ಪುಟಕ್ಕೆ ಪ್ಲಾಂಟ್ ಹೆಡ್ಡಿನಿಂದಲೂ ಸಹಿ ಹಾಕಿಸಿ. ಯಾರಾದರೂ ತಪ್ಪು ಮಾಡಿದರೆ ಮೊದಲು ತೆಗೆ ಎಂದು ಹೇಳಿ, ಮತ್ತೆ ಮಾಡಿದರೆ ನೋಟಿಸ್ ಕೊಡಿ, ಉತ್ತರಕ್ಕೆ ಟೈಮು ಕೊಡಿ, ಉತ್ತರವನ್ನು ಓದಿ. ತಪ್ಪು ಏನೆಂದು ನಿಮಗೇ ಬರೆಯಲು ಬಾರದಿದ್ದರೆ ಹಾಳೆಯನ್ನು ಅವರ ಕೈಗೆ ಕೊಡಬೇಡಿ. ಇಂಟರ್‌ವ್ಯೂಗೆ ಬಂದವರ ಇನ್‌ಸ್ಟಾಗ್ರಾಂ ಐಡಿ ಕೇಳುವುದನ್ನು ಈಚೆಗೆ ಕೆಲವರು ಶುರುಮಾಡಿದ್ದೀರಿ. ಪ್ರೈವೇಟ್ ಖಾತೆಯೊಳಗೆ ಇಣುಕಲು ಗೆಳತಿಯರನ್ನೇ ಬಳಸುವುದನ್ನೂ ಕಂಡಿದ್ದೇನೆ. ಇವೆರಡನ್ನೂ ಬಿಟ್ಟುಬಿಡಿ. ವರ್ನಿಯರ್ ಕೈಗೆ ಕೊಟ್ಟು ಓದಿಸಿ ನೋಡಿ. ಕ್ವಾಲಿಟಿ ಹುಡುಗಿಯ ಬಗ್ಗೆ ತಿಳಿಯಬೇಕಾದ್ದು ಅದರಲ್ಲಿ ತಿಳಿಯುತ್ತದೆ.

ಫೋಲ್ಡರನ್ನು ನಾನು ಅಳಿಸಲಿಲ್ಲ. ಕಂಪನಿಯ ದಾಖಲೆ, ಅಳಿಸುವ ಅಧಿಕಾರ ನನಗಿರಲಿಲ್ಲ ಎಂದು ಅವತ್ತು ನನಗೆ ನಾನೇ ಹೇಳಿಕೊಂಡೆ. ನನ್ನ ಜಾಗಕ್ಕೆ ಬಂದ ಹುಡುಗ ಅದನ್ನು ತೆರೆದು ನೋಡಿ, “ಇದನ್ನ ವರ್ಷದ ಪ್ರಕಾರ ಜೋಡಿಸ್ಲಾ ಮೇಡಂ, ಹೆಸರಿನ ಪ್ರಕಾರನಾ?” ಎಂದು ಕೇಳಿದ. ಒಳ್ಳೆಯ ಹುಡುಗ. ಅವನೂ ಇದನ್ನು ಓದುತ್ತಿರಬಹುದು. 37ನೆಯದನ್ನು ಒಮ್ಮೆ ದೊಡ್ಡದು ಮಾಡಿ ನೋಡಪ್ಪ, ಎಡಗಡೆ ಕೆಳಗೆ. ಆಮೇಲೆ ಪ್ರೆಸ್ ಶಾಪಿಗೆ ಒಂದು ಸುತ್ತು ಹೋಗಿ ಬಾ.

ಈ ಪತ್ರ ಬರೆಯುವ ಮೊದಲು ಆ ಹುಡುಗಿಯ ನಂಬರು ಹುಡುಕಿ ಸಂದೇಶ ಕಳಿಸಿದೆ. ಹೀಗೆ ಬರೆಯುತ್ತಿದ್ದೇನೆ, ನಿನ್ನ ವಿಷಯ ಬರುತ್ತದೆ, ಬರೆಯಲಾ ಎಂದೆ. ಕ್ಷಮಿಸು ಎಂದೂ ಬರೆದೆ, ಏನು ತಪ್ಪು ಎಂಬುದರ ಸಮೇತ. ಒಂದು ದಿನ ಬಿಟ್ಟು ವಾಯ್ಸ್ ಮೆಸೇಜು ಬಂತು, ಹಿಂದೆ ರೈಲಿನ ಸದ್ದು.

“ಬರೀರಿ ಮೇಡಂ, ನಂಗೇನೂ ಬೇಜಾರಿಲ್ಲ. ಹೆಸ್ರು ಮಾತ್ರ ಬ್ಯಾಡಿ. ಹೊಸ ಕಂಪ್ನೀಲಿ ಇನ್ನೂ ಪ್ರೊಬೇಷನ್ನು.”

ಇಂತಿ,
ಹೂಟಗಳ್ಳಿಯ ಒಬ್ಬ ಮಾಜಿ ಎಚ್‌ಆರ್